ಅತ್ತೆಯ ಊಟದ ಹೂವು

ನಮ್ಮ ಮನೆಗೆ ಹೊಸದಾಗಿ ಬಂದವರು ಅಂಗಳ ನೋಡಿದ ಕೂಡಲೇ, "ಏನ್ರಿ, ಹನ್ನೆರಡೂ ತಿಂಗಳ ಹೂ ಇರ್ತಾವಲ್ರಿ ನಿಮ್ಮ ಮನ್ಯಾಗ. ಭಾರಿ ಹವ್ಯಾಸ ಐತಿ ನಿಮಗ" ಅನ್ನುತ್ತಾರೆ. ನಾನು ಹೂಂ ಅಂದು ಸುಮ್ಮನಾಗುತ್ತೇನೆ. ಹವ್ಯಾಸವಂತೆ. ನಾನು ಜಂಪರು ಹೊಲಿಯುವವಳು. ಬೆಳಗಾದರೆ ಕಿಟಕಿ ಪಕ್ಕದ ಮಷೀನಿನ ಮುಂದೆ ಕೂತವಳು ಮಧ್ಯಾಹ್ನದವರೆಗೆ ಏಳುವುದಿಲ್ಲ. ಗೋಕಾಕದ ಅರ್ಧ ಪೇಟೆಯ ಹೆಣ್ಣುಮಕ್ಕಳಿಗೆ ತೋಳು ಬಿಗಿಯಾಯಿತು, ಕೊರಳು ಸಡಿಲಾಯಿತು ಎಂಬ ಜಗಳವಿರುವುದು ನನ್ನ ಜೊತೆಗೇ. ಹೂ ನೋಡಿ ಮೈಮರೆಯುವಷ್ಟು ಪುರಸೊತ್ತು ನನಗೆಲ್ಲಿಯದು? ನಮ್ಮ ಅಂಗಳದಲ್ಲಿ ವರ್ಷವಿಡೀ ಹೂ ಇರುವುದಕ್ಕೆ ಕಾರಣ ಬೇರೆ. ಹೂ ಇಲ್ಲದ ದಿನ ನಮ್ಮ ಅತ್ತೆ ಊಟ ಮಾಡುವುದಿಲ್ಲ.

ಅದು ಅವರ ನೇಮ. ಮುಂಜಾನೆ ಸ್ನಾನ ಮುಗಿಸಿ, ಕೊರಳಿನ ಬೆಳ್ಳಿ ಕರಡಿಗೆ ತೆರೆದು, ಲಿಂಗವನ್ನು ಎಡದ ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕೊನೆಗೆ ಒಂದು ಬಿಳಿ ಹೂ ಇಡಬೇಕು. ಪತ್ರಿಯನ್ನು ಯಾರು ತಂದುಕೊಟ್ಟರೂ ನಡೆಯುತ್ತದೆ. ಹೂ ಮಾತ್ರ ತಾವೇ ನೀರು ಹಾಕಿದ ಗಿಡದ್ದಾಗಬೇಕು. ಪೇಟೆಯಲ್ಲಿ ಕೊಂಡದ್ದು ಬೇಡ, ಇನ್ನೊಬ್ಬರ ಅಂಗಳದಿಂದ ಕೇಳಿ ತಂದದ್ದೂ ಬೇಡ. ತುಕ್ಕಾನಟ್ಟಿಯಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ ಹಾಕಿಕೊಟ್ಟ ನೇಮವಂತೆ. "ಕಾಯಕಾ ಮಾಡದ ಉಣ್ಣಬಾರದು, ಹೌದಿಲ್ಲೋ? ಹಂಗಾದ್ರ ಕಾಯಕಾ ಮಾಡದ ಹೂ ಹೆಂಗ ಏರಿಸ್ತೀ?" ಎಂದು ಆ ಹಿರಿಯ ಜೀವ ಕೇಳಿತ್ತಂತೆ. ಅಂದಿನಿಂದ ನಮ್ಮ ಅತ್ತೆ ಹೂ ಏರಿಸದೆ ಬಾಯಿಗೆ ಏನೂ ಹಾಕಿಲ್ಲ.

ಬಿಳಿ ಹೂವೇ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ಅವರು ಬಿಳೀದ ಏರಿಸ್ತಿದ್ರು. ನಾನೂ ಬಿಳೀದ ಏರಿಸ್ತೀನಿ" ಅಂದರು. ಅದರ ಮೇಲೆ ಕೇಳಲು ಏನೂ ಉಳಿಯಲಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ವರ್ಷ ಎಂದರೆ ಬಿಳಿ ಹೂಗಳ ಪಾಳಿ. ಯುಗಾದಿಯ ಆಸುಪಾಸಿಗೆ ನನ್ನ ಕಿಟಕಿಯ ಕೆಳಗಿನ ದುಂಡುಮಲ್ಲಿಗೆ ಶುರುವಾಗುತ್ತದೆ. ಹೊರಗೆ ಬಿಸಿಲು ಬೆನ್ನು ಸುಡುತ್ತಿದ್ದರೆ ಅದಕ್ಕೆ ಇನ್ನಷ್ಟು ಹುರುಪು. ಸಂಜೆ ಮಷೀನು ನಿಲ್ಲಿಸಿ ಕಿಟಕಿ ತೆರೆದರೆ ಹೊಲಿಗೆಯ ಬಟ್ಟೆಗೂ ವಾಸನೆ ಹತ್ತುತ್ತದೆ. ಬಟ್ಟೆ ಒಯ್ಯಲು ಬಂದವರು ಅತ್ತರು ಹಾಕಿದ್ದೀರಾ ಎಂದು ಕೇಳಿದ್ದುಂಟು. ಜೂನಿನಲ್ಲಿ ಮಿರಗದ ಮಳೆ ಬಿದ್ದು ನೆಲ ತಂಪಾದ ಮೇಲೆ ಅದು ಸುಸ್ತಾಗಿ ಬರೀ ಎಲೆ ಬಿಡುತ್ತದೆ. ಆಗ ಕಂಪೌಂಡ್ ಗೋಡೆಗೆ ಹಬ್ಬಿಸಿದ ಸೂಜಿಮಲ್ಲಿಗೆಯ ಪಾಳಿ. ಅತ್ತೆ ಅದನ್ನು ತವರಿನಿಂದ ಒದ್ದೆ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಬಳ್ಳಿ. ಮಳೆಗಾಲದಲ್ಲಿ ಗೋಡೆಯೇ ಕಾಣದಷ್ಟು ಹಬ್ಬಿಬಿಡುತ್ತದೆ.

ಗಣಪತಿ ಹಬ್ಬ ಬರುವಷ್ಟರಲ್ಲಿ ಹಿತ್ತಲಿನ ಪಾರಿಜಾತ ಉದುರತೊಡಗುತ್ತದೆ. ಆ ಹೂವನ್ನು ಗಿಡದಿಂದ ಕೀಳುವಂತಿಲ್ಲ, ಬಿದ್ದದ್ದನ್ನೇ ಆರಿಸಬೇಕು. ಮಣ್ಣು ಹತ್ತಬಾರದೆಂದು ಅತ್ತೆ ಸಂಜೆಗೇ ಗಿಡದ ಬುಡದಲ್ಲಿ ಮಾವನ ಹಳೇ ಧೋತರ ಹಾಸಿಡುತ್ತಾರೆ. ತೀರಿಕೊಂಡವರ ಧೋತರ ಇನ್ನೂ ಮನೆಯ ಕೆಲಸಕ್ಕೆ ಬರುತ್ತದೆ ಎಂದು ಅವರಿಗೊಂದು ಸಮಾಧಾನ. ಬದುಕಿದ್ದಾಗ ಮಾವ ಒಂದು ತಂಬಿಗೆ ನೀರನ್ನೂ ಗಿಡಕ್ಕೆ ಹಾಕಿದವರಲ್ಲ, ಈಗ ಸರಿಯಾಗಿ ಸೇವೆಗೆ ಹಚ್ಚಿದ್ದೀರಿ ಎಂದು ನಾನು ಚಾಷ್ಟಿ ಮಾಡುತ್ತೇನೆ.

ದೀಪಾವಳಿಗೆ ಚೆಂಡುಹೂ ಅಂಗಳ ತುಂಬುತ್ತದೆ. ಅದು ಬಾಗಿಲಿಗೆ, ನನ್ನ ಮಷೀನಿಗೆ, ಗಂಡನ ಗಾಡಿಗೆ. ಚಳಿ ಬಿದ್ದ ಮೇಲೆ ಮಮದಾಪುರಕ್ಕೆ ಕೊಟ್ಟ ನಾದಿನಿ ತಂದು ಹಚ್ಚಿದ ಬಿಳಿ ಸೇವಂತಿಗೆ, ಅದರ ಜೊತೆಗೆ ಕಾಕಡಾ. ಕಾಕಡಾ ನೋಡಲು ಮಲ್ಲಿಗೆಯಂತೆಯೇ, ವಾಸನೆ ಮಾತ್ರ ಏನೂ ಇಲ್ಲ. ಆದರೂ ಚಳಿಗಾಲದಲ್ಲಿ ದಿನವೂ ತಪ್ಪದೆ ಬಿಡುತ್ತದೆ. ಅದನ್ನು ಬೈಯುವ ಹಕ್ಕು ನನಗಿಲ್ಲ. ಅಬ್ಬೋಲಿ, ದಾಸವಾಳ, ಕಣಗಿಲೆ ಎಲ್ಲವೂ ನಮ್ಮಲ್ಲಿವೆ. ಅವೆಲ್ಲ ನೋಡುವವರಿಗೆ, ಮುಡಿಯುವವರಿಗೆ.

ತೊಂದರೆ ಇರುವುದು ಶಿವರಾತ್ರಿ ಮುಗಿದ ಮೇಲೆ. ಸೇವಂತಿಗೆ ಒಣಗಿರುತ್ತದೆ, ಕಾಕಡಾ ಕೈ ಎತ್ತಿರುತ್ತದೆ, ದುಂಡುಮಲ್ಲಿಗೆ ಇನ್ನೂ ಕಣ್ಣು ತೆರೆದಿರುವುದಿಲ್ಲ. ಯುಗಾದಿಯ ಹತ್ತಿರದವರೆಗೆ ಅಂಗಳದಲ್ಲಿ ಬಿಳಿ ಎಂಬುದು ಹುಡುಕಿದರೂ ಸಿಗುವುದಿಲ್ಲ. ಮೊದಲು ಅದರ ಚಿಂತೆ ಇರಲಿಲ್ಲ. ಮುಂಬಾಗಿಲ ಪಕ್ಕದಲ್ಲಿ ಒಂದು ನಂದಿಬಟ್ಟಲ ಗಿಡವಿತ್ತು. ವರ್ಷದ ಯಾವ ದಿನ ಕೈ ಚಾಚಿದರೂ ನಾಲ್ಕು ಹೂ ಕೊಡುತ್ತಿತ್ತು. ನೆಲದೊಳಗೆ ನೀರಿನ ಟಾಕಿ ಕಟ್ಟಿಸಿದಾಗ ಅಗೆಯುವವರ ಗುದ್ದಲಿಗೆ ಅದರ ಬೇರು ಸಿಕ್ಕಿತು. ಗಿಡ ಒಣಗಿಹೋಯಿತು. ಬೇರೆ ಕಡ್ಡಿ ನೆಟ್ಟೆವು. ಅದು ಮೊಣಕಾಲುದ್ದ ಬೆಳೆಯುವ ಮೊದಲೇ ಸಂಕ್ರಾಂತಿ ಹತ್ತಿರ ಬಂತು, ಅದರ ಹಿಂದೆಯೇ ಶಿವರಾತ್ರಿ.

ಅಷ್ಟರಲ್ಲಿ ಅತ್ತೆಗೆ ಶುಗರ್ ಇರುವುದೂ ಗೊತ್ತಾಗಿತ್ತು. ಮುಂಜಾನೆ ಗುಳಿಗೆ ನುಂಗಿ ಅರ್ಧ ತಾಸಿನೊಳಗೆ ಹೊಟ್ಟೆಗೆ ಏನಾದರೂ ಹಾಕಬೇಕು, ಉಪವಾಸ ಅಂದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು. ಅತ್ತೆ ಅವರ ಎದುರಿಗೆ ತಲೆಯಾಡಿಸಿದರು. ಮನೆಗೆ ಬಂದ ಮೇಲೆ, "ಹೂ ಸಿಗೂತನಕ ತಡದ್ರಾತು" ಅಂದರು. ನಮ್ಮ ಅಂಗಳದಲ್ಲಿ ಹೂ ಇರದ ದಿನಗಳು ಎಷ್ಟು ಉದ್ದ ಎಂಬುದು ನನಗೆ ಗೊತ್ತಿತ್ತು.

ನನ್ನ ತವರು ಹುಕ್ಕೇರಿ ಕಡೆಯ ಹಳ್ಳಿ. ಫೋನಿನಲ್ಲಿ ಅವ್ವನ ಮುಂದೆ ಅತ್ತುಕೊಂಡೆ. ಅವ್ವ ಸಮಾಧಾನದಿಂದ ಹೇಳಿದಳು. "ಮಲ್ಲಿಗಿಗೆ ಸಂಕ್ರಾಂತಿಯಿಂದ ನೀರ ಬಂದ್ ಮಾಡವಾ. ಎಲಿ ಬಾಡಿ ಉದುರಲಿ. ತುದಿ ಕತ್ತರಿಸಿ ಹಾಕು. ಆಮ್ಯಾಲ ಗೊಬ್ಬರಾ ಹಾಕಿ ಹೊಟ್ಟಿ ತುಂಬ ನೀರ ಕೊಡು. ಹಸದ ಗಿಡಾ ಲಗೂನ ಹೂ ಬಿಡತೈತಿ."

ಹಾಗೆಯೇ ಮಾಡಿದೆ. ನನ್ನ ಗಂಡ ಹಿಡಕಲ್ ಡ್ಯಾಮಿನಲ್ಲಿ ಕೆಲಸಕ್ಕಿದ್ದಾರೆ. ನೀರು ಇಳಿದ ದಂಡೆಯ ಕರಿಮಣ್ಣನ್ನು ಎರಡು ಚೀಲ ತಂದು ಇಟ್ಟಿದ್ದರು. ಅದನ್ನೂ ಬದಿಗಿಟ್ಟು ಕಾದೆ. ಗಿಡ ಬಾಡಬೇಕಿತ್ತು. ಬಾಡಲೇ ಇಲ್ಲ. ದಿನ ಹೋದಂತೆ ಇನ್ನಷ್ಟು ಹಸಿರಾಗಿ ಮಿಣಮಿಣ ಅನ್ನತೊಡಗಿತು. ಇದೇನು ಮಾಯೆ ಎಂದು ತಲೆ ಕೆಡಿಸಿಕೊಂಡಿದ್ದಾಗ ಒಂದು ಮಧ್ಯಾಹ್ನ ಕಿಟಕಿಯ ಕೆಳಗೆ ನೀರು ಸುರಿದ ಸಪ್ಪಳ ಕೇಳಿತು. ಬಗ್ಗಿ ನೋಡಿದರೆ ಅತ್ತೆ. ಕೈಯಲ್ಲಿ ತಂಬಿಗೆ.

"ಏನ್ ಮಾಡಾಕತ್ತೀರಿ ಅತ್ತಿ?"

"ಏನಿಲ್ಲವಾ. ಬಾಯಿ ಒಣಗಿತ್ತು ಗಿಡದ್ದು. ನೋಡಾಕ ಆಗಲಿಲ್ಲ."

"ನೀರ ಹಾಕಬ್ಯಾಡ್ರಿ ಅಂತ ಎಷ್ಟ ಹೇಳೇನ್ರಿ ನಾ?"

"ಹಾಕಿಲ್ಲವಾ. ಒಂದೀಟ ತೋಯಿಸೀನಿ ಅಷ್ಟ. ಉಪಾಸ ಕೆಡವಿದ್ರ ಗಿಡದ ಜೀವಾ ಏನಂದೀತು?"

ನನಗೆ ಸಿಟ್ಟು ನೆತ್ತಿಗೇರಿತು. "ನೀವ ಉಪಾಸ ಇರೂದು ನಡೀತೈತಿ, ಗಿಡಾ ಇರಬಾರದೇನ್ರಿ?" ಎಂದು ಕೇಳಿಯೇಬಿಟ್ಟೆ. ಅತ್ತೆ ತಂಬಿಗೆಯನ್ನು ಸೆರಗಿನ ಮರೆಗೆ ಸರಿಸಿ, "ನಾ ತಿಳದ ಇರ್ತೀನಿ. ಅದಕ್ಕೇನ ತಿಳೀತೈತಿ ಪಾಪ" ಅಂದು ಒಳಗೆ ಹೋದರು. ಸಂಜೆ ಗಂಡನ ಮುಂದೆ ದೂರು ಹೇಳಿದರೆ ಆ ಮನುಷ್ಯ ಹೊಟ್ಟೆ ಹಿಡಿದು ನಕ್ಕರು. ತಾಯಿ ಮಗ ಇಬ್ಬರನ್ನೂ ಕಟ್ಟಿಕೊಂಡು ನನ್ನ ಬಾಳು ಹೀಗೆ ಎಂದು ಬೈದು ರೊಟ್ಟಿ ಬಡಿದೆ.

ಶಿವರಾತ್ರಿ ಮುಗಿಯಿತು. ಕಾಕಡಾದ ಕೊನೆಯ ಹೂ ಲಿಂಗಕ್ಕೆ ಏರಿತು. ಮಲ್ಲಿಗೆ ಗಿಡ ಎಲೆ ತುಂಬಿಕೊಂಡು ಗುಂಡಗೆ ನಿಂತಿತ್ತು, ಮೊಗ್ಗಿನ ಸುಳಿವಿಲ್ಲ. ಮರುದಿನ ಅತ್ತೆ ಎಲ್ಲ ಗಿಡಗಳ ಎಲೆ ಸರಿಸಿ ಕೈಯಾಡಿಸಿ ನೋಡಿದರು. ಕಣ್ಣಿಗೆ ಪೊರೆ ಬಂದಿದ್ದರಿಂದ ಅವರು ಹೂವನ್ನು ಹುಡುಕುತ್ತಿದ್ದದ್ದು ಬೆರಳಿನಿಂದಲೇ. ಏನೂ ಸಿಗಲಿಲ್ಲ. ಪೂಜೆಗೆ ಕೂತವರು ಲಿಂಗಕ್ಕೆ ನೀರು, ವಿಭೂತಿ, ಪತ್ರಿ ಏರಿಸಿ ಹಾಗೆಯೇ ಅಂಗೈ ನೋಡುತ್ತ ಕೂತರು. ನಾನು ರೊಟ್ಟಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಗೋಗರೆದೆ. ತಲೆಯಲ್ಲಾಡಿಸಿದರು. ಎದ್ದು ನಿಲ್ಲಲು ಹೋದವರು ಗೋಡೆ ಹಿಡಿದರು. ಹಣೆ ತುಂಬ ಬೆವರು, ಮಾತು ತೊದಲು. ನೋಡನೋಡುತ್ತ ಕುಸಿದು ಕೂತರು. ಆಮೇಲೆ ಗೊತ್ತಾಯಿತು, ಗುಳಿಗೆ ನೀರಿನಂತೆಯೇ, ಅದು ಊಟವಲ್ಲ ಎಂದುಕೊಂಡು ಮುಂಜಾನೆಯೇ ನುಂಗಿದ್ದರು.

ನಾನು ಕೂಗಿದ ಕೂಗಿಗೆ ಬಾಜೂ ಮನೆಯ ಚಾಚಿ ಓಡಿಬಂದರು. ಅವರದು ಪೇಟೆಯಲ್ಲಿ ಬಳೆ ಅಂಗಡಿ. ನಮ್ಮ ಎರಡೂ ಮನೆಗಳ ನಡುವೆ ಇರುವುದು ಆ ಸೂಜಿಮಲ್ಲಿಗೆಯ ಗೋಡೆಯೊಂದೇ. ಚಾಚಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆಸಿದರು, ನಾನು ಸಕ್ಕರೆ ನೀರು ಹನಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. ಡಾಕ್ಟರು ಬಂದು ನೋಡಿ, ಇನ್ನು ಗುಳಿಗೆ ಸೊಸೆಯ ಕೈಯಲ್ಲೇ ಇರಲಿ, ಊಟದ ತಟ್ಟೆ ಮುಂದಿಟ್ಟ ಮೇಲೆ ಕೊಡಲಿ ಎಂದು ಹೇಳಿ ಹೋದರು. ಅತ್ತೆ ನನ್ನನ್ನು ನೋಡಿ ಮೆಲ್ಲಗೆ, "ಸಕ್ಕರಿ ನೀವ ಹಾಕೀರಿ, ನಾ ತಿಂದಿಲ್ಲ. ನೇಮಾ ಮುರದಿಲ್ಲ" ಅಂದರು. ಅಂಥ ಹೊತ್ತಿನಲ್ಲೂ ಚಾಚಿ ಫಕ್ಕನೆ ನಕ್ಕುಬಿಟ್ಟರು.

ಆ ದಿನವೆಲ್ಲ ಅವರ ಹೊಟ್ಟೆಗೆ ಇಳಿದದ್ದು ನಾವು ಹನಿಸಿದ ಸಕ್ಕರೆ ನೀರಷ್ಟೇ. ಮರುದಿನ ಮುಂಜಾನೆ ಜೀವ ಕೈಯಲ್ಲಿ ಹಿಡಿದುಕೊಂಡೇ ಎದ್ದೆ. ಅತ್ತೆ ಆಗಲೇ ಅಂಗಳದಲ್ಲಿದ್ದರು. ಮಲ್ಲಿಗೆ ಗಿಡದ ಹತ್ತಿರ ಬಗ್ಗಿ ನಿಂತವರು, "ಬಾರವಾ ಇಲ್ಲೆ" ಎಂದು ಕರೆದರು. ಅಂಗೈಯಲ್ಲಿ ಮೂರು ಬಿಳಿ ಹೂ.

"ನೋಡು. ನಮ್ಮ ಮಲ್ಲಿಗಿ ಗಿಡದಾಗ ನಂದಿಬಟ್ಲ ಬಿಟ್ಟಾವ."

ನಾನು ಕಣ್ಣುಜ್ಜಿ ನೋಡಿದೆ. ಖರೆ. ಗಿಡದ ಮೇಲೆ ಇನ್ನೂ ಎರಡಿದ್ದವು. ಎಲೆಯ ಸಂದಿಯಲ್ಲಿ ಒಳ್ಳೇ ಜೋಪಾನವಾಗಿ ಸಿಕ್ಕಿಸಿಟ್ಟ ನಂದಿಬಟ್ಟಲ ಹೂಗಳು. ಗೋಡೆಯ ಆಚೆ ಚಾಚಿಯ ಸೆರಗು ಸರಕ್ಕನೆ ಕೆಳಗೆ ಬಗ್ಗಿದ್ದು ಕಂಡಿತು.

"ಬಗ್ಗಬ್ಯಾಡ, ಪೊರಿ ಬಂದ ಕಣ್ಣಿಗೂ ಕಂಡಿ. ಏಳ ಮ್ಯಾಲ" ಅಂದರು ಅತ್ತೆ.

ಚಾಚಿ ಎದ್ದು ನಿಂತರು. ಮುಖ ಸಣ್ಣಗಾಗಿತ್ತು. "ನಿಮ್ಮ ಅಂಗಳದಾಗ ಇದ್ರ ಏರಿಸ್ತೀರಿ ಅಂತ ಇಟ್ಟೀನ್ರಿ ಅಕ್ಕಾ. ತಪ್ಪ ತಿಳೀಬ್ಯಾಡ್ರಿ."

"ಇಡಾಕ ಮಲ್ಲಿಗಿ ಗಿಡಾನ ಸಿಕ್ತೇನ ನಿನಗ? ಅಲ್ಲೆ ಸಣ್ಣ ನಂದಿಬಟ್ಲ ಗಿಡಾ ಐತಲ್ಲ, ಅದರ ಮ್ಯಾಲ ಇಟ್ಟಿದ್ರ ನಾ ಒಂದ ಗಳಿಗಿ ನಂಬತಿದ್ನೇನ."

"ಅಷ್ಟ ಸಣ್ಣ ಗಿಡಕ್ಕ ಐದ ಹೂ ಭಾರ ಆಕ್ಕಾವ ಅನಿಸ್ತ್ರಿ."

ಮೂವರೂ ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಮತ್ತೆ ಭಯವಾಯಿತು. ಆ ಹೂಗಳನ್ನು ಅತ್ತೆ ಏರಿಸುವುದಿಲ್ಲ ಎಂಬುದು ನನಗೆ ಗೊತ್ತು. ಚಾಚಿಗೂ ಅದೇ ಭಯ. ಗೋಡೆಯ ಮೇಲೆ ಕೈಯಿಟ್ಟು, "ನಿಮ್ಮನ್ನ ನಿನ್ನಿ ಹಂಗ ನೋಡೀನಿ. ಇವತ್ತೂ ನೀವ ಉಣ್ಣದ ಕುಂತ್ರ ನನ್ನ ಗಂಟಲಾಗ ತುತ್ತ ಇಳಿಯಂಗಿಲ್ಲ ಅಕ್ಕಾ" ಅಂದರು.

ಅತ್ತೆ ಆ ಹೂಗಳನ್ನು ನನ್ನ ಕೈಗೆ ಕೊಟ್ಟು, ಟಾಕಿಯಿಂದ ಒಂದು ಸಣ್ಣ ಕೊಡ ನೀರು ತುಂಬಿಸಿಕೊಂಡರು. ನಾನು ಹಿಡಿಯಲು ಹೋದರೆ ಬೇಡವೆಂದರು. ಗೇಟು ದಾಟಿ, ಓಣಿ ಸುತ್ತಿ, ಚಾಚಿಯ ಅಂಗಳಕ್ಕೆ ಹೋದರು. ಆ ಐದು ಹೂ ಬಿಟ್ಟಿದ್ದ ಅಲ್ಲಿನ ನಂದಿಬಟ್ಟಲ ಗಿಡದ ಬುಡಕ್ಕೆ ನಿಧಾನವಾಗಿ ನೀರು ಹಾಕಿದರು. ಹಾಕಿ, ಕಟ್ಟೆಯ ಮೇಲೆ ಕೂತುಬಿಟ್ಟರು.

"ಈಗ ಹರೀರಿ ಅಕ್ಕಾ" ಅಂದರು ಚಾಚಿ.

"ತಡಿ. ಗಿಡಾ ನೀರ ಕುಡೀಲಿ."

ನಾವಿಬ್ಬರೂ ಅವರ ಎರಡೂ ಬದಿಗೆ ನಿಂತು ಗಿಡ ನೀರು ಕುಡಿಯುವುದನ್ನು ಕಾದೆವು. ಚಾಚಿಯ ಮನೆಯವರು ಬಾಗಿಲಿಗೆ ಬಂದು ಇದೇನು ಎಂದು ನೋಡಿ ಒಳಗೆ ಹೋದರು. ನೆಲ ನೀರನ್ನೆಲ್ಲ ಎಳೆದುಕೊಂಡ ಮೇಲೆ ಅತ್ತೆ ಎದ್ದು, ಕೈ ತೊಳೆದು, ಒಂದೇ ಒಂದು ಹೂ ಕಿತ್ತುಕೊಂಡರು. "ಇನ್ ಮ್ಯಾಲ ದಿನಾ ಸಂಜೀಕ ಇದಕ್ಕ ನೀರ ನಾ ಹಾಕಾಕಿ. ನೀ ಹಾಕಿದ್ರ ನಡಿಯಂಗಿಲ್ಲ, ಹೇಳಿರ್ತೀನಿ" ಎಂದು ಚಾಚಿಗೆ ತಾಕೀತು ಮಾಡಿ ಮನೆಗೆ ಬಂದರು. ಆ ದಿನ ಅವರು ಪೂಜೆ ಮುಗಿಸಿ ರೊಟ್ಟಿ ಮುರಿದಾಗ ನಾನು ಒಲೆಯ ಕಡೆಗೆ ತಿರುಗಿ ಕಣ್ಣೊರೆಸಿಕೊಂಡೆ.

ಅಂದಿನಿಂದ ಪ್ರತಿ ಸಂಜೆ ಅತ್ತೆ ಕೊಡ ಹಿಡಿದು ಓಣಿ ಸುತ್ತಿ ಹೋಗುವುದು, ಅಲ್ಲಿ ಕಟ್ಟೆಯ ಮೇಲೆ ಚಾಚಿಯ ಜೊತೆ ಮಾತಿಗೆ ಕೂಡುವುದು ರೂಢಿಯಾಯಿತು. ಒಂದು ಕೊಡ ನೀರಿಗೆ ಎರಡು ತಾಸು ಬೇಕಾಗುತ್ತಿತ್ತು. ಚಾಚಿ ಬೇರೆ ಊರಿಗೆ ಹೋದರೂ ಗೇಟಿನ ಕೀಲಿ ನಮ್ಮ ಮನೆಯಲ್ಲೇ ಕೊಟ್ಟು ಹೋಗುತ್ತಿದ್ದರು. ಅವರು ಒಮ್ಮೆಯೂ ಆ ಗಿಡಕ್ಕೆ ನೀರು ಹಾಕಲಿಲ್ಲ. ಅವರ ಕಿರಿಯ ಮಗಳು ತಿಳಿಯದೆ ಪೈಪು ಹಿಡಿದಾಗ, "ಅದು ಅಕ್ಕಾರ ಗಿಡಾ, ಬಿಡು" ಎಂದು ಗದರಿದ್ದು ನನ್ನ ಕಿಟಕಿಗೆ ಕೇಳಿತ್ತು. ಅತ್ತೆಯ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ಮೊದಲು ನೋಡಲು ಹೋದದ್ದೂ ಆ ಗಿಡವನ್ನೇ.

ನಾನು ಮಾತ್ರ ಮಲ್ಲಿಗೆಯನ್ನು ಬಿಡಲಿಲ್ಲ. ಒಂದೇ ಗಿಡವನ್ನು ನಂಬಿ ಕೂಡಬಾರದು ಎಂದು ನನಗೆ ಬುದ್ಧಿ ಬಂದಿತ್ತು. ಮುಂದಿನ ಸಂಕ್ರಾಂತಿಗೆ ಅತ್ತೆಯನ್ನು ಎದುರಿಗೆ ಕೂಡಿಸಿಕೊಂಡು, ಮಲ್ಲಿಗೆಗೆ ನೀರು ಹಾಕುವುದಿಲ್ಲ ಎಂದು ಮಾತು ತೆಗೆದುಕೊಂಡೆ. ಅವರು ಮಾತು ಉಳಿಸಿಕೊಂಡರು. ಆದರೆ ಗಿಡ ಬಾಡುತ್ತಿದ್ದ ದಿನಗಳಲ್ಲಿ ಆ ಕಡೆಯಿಂದ ಹೋಗುವುದನ್ನೇ ಬಿಟ್ಟರು, ಹಿತ್ತಲ ಬಾಗಿಲಿನಿಂದ ಓಡಾಡಿದರು. ಎಲೆ ಉದುರಿತು, ತುದಿ ಕತ್ತರಿಸಿದೆ, ಡ್ಯಾಮಿನ ಕರಿಮಣ್ಣು ಹಾಕಿ, "ಈಗ ಕೊಡ್ರಿ ಹೊಟ್ಟಿ ತುಂಬ" ಎಂದು ಅತ್ತೆಯ ಕೈಗೇ ಕೊಡ ಕೊಟ್ಟೆ. ಗಿಡಕ್ಕೆ ಕ್ಷಮೆ ಕೇಳುತ್ತ ನೀರು ಹಾಕಿದರು. ಅವ್ವ ಹೇಳಿದ ಮಾತು ಸುಳ್ಳಾಗಲಿಲ್ಲ. ಶಿವರಾತ್ರಿ ಮುಗಿಯುವುದರೊಳಗೆ ಗಿಡದ ತುಂಬ ಅಕ್ಕಿ ಕಾಳಿನಂಥ ಮೊಗ್ಗು. ನಾನು ಮಷೀನು ಬಿಟ್ಟು ಎದ್ದೆದ್ದು ಹೋಗಿ ನೋಡಿ ಬರುತ್ತಿದ್ದೆ. ಆಮೇಲೆ ಪ್ರತಿ ವರ್ಷವೂ ಹಾಗೆಯೇ ನಡೆಯಿತು.

ಈಗ ಹೇಳುವುದು ಹೋದ ವರ್ಷದ ಮಾತು. ಶಿವರಾತ್ರಿಯಾದ ಮೇಲೆ ಚಾಚಿಯ ಕಿರಿಯ ಮಗಳ ಲಗ್ನ ಗೊತ್ತಾಯಿತು. ಮನೆಯ ಅಂಗಳದಲ್ಲೇ ಹಂದರ. ಹಂದರ ಹಾಕುವವರು ಬಂದವರೇ ನಂದಿಬಟ್ಟಲ ಗಿಡ ಕಂಬಕ್ಕೆ ಅಡ್ಡ ಬರುತ್ತದೆ ಅಂದರು. ಚಾಚಿ ಒಪ್ಪಲಿಲ್ಲ. ಲಗ್ನ ಬೇಕಾದರೆ ಬೇರೆ ಕಡೆ ಮಾಡೋಣ ಎಂದು ಹಟ ಹಿಡಿದರು. ಕೊನೆಗೆ ಅತ್ತೆಯೇ ಹೋಗಿ ಎದುರಿಗೆ ನಿಂತು, "ಬುಡಾ ಬಿಟ್ಟ ಕಡೀರಿ. ಮಿರಗದ ಮಳಿಗೆ ಚಿಗೀತೈತಿ" ಎಂದು ಕಡಿಸಿದರು. "ಈಗ ನಮ್ಮ ಮಲ್ಲಿಗಿ ಐತಲ್ಲ. ಚಿಂತಿ ಯಾಕ?" ಎಂದು ಚಾಚಿಗೆ ಸಮಾಧಾನ ಹೇಳಿದರು. ನಾವು ನೆಟ್ಟ ನಂದಿಬಟ್ಟಲ ಎದೆಯುದ್ದ ಬೆಳೆದಿದ್ದರೂ ಆ ವರ್ಷ ಹುಳ ಬಿದ್ದು ಬೋಳಾಗಿ ನಿಂತಿತ್ತು. ಹಾಗಾಗಿ ಆ ವಾರ ಅತ್ತೆಯ ಊಟ ಪೂರ್ತಿ ನನ್ನ ಕಿಟಕಿಯ ಕೆಳಗಿನ ಗಿಡದ ಮೇಲೆ ನಿಂತಿತ್ತು.

ಮದುಮಗಳ ಜಂಪರು ಹೊಲಿದವಳು ನಾನೇ. ಅಳತೆ ಕೊಡಲು ಬಂದಾಗ ಹುಡುಗಿ, "ಮೊಣಕಾಲತನಕ ಜಡಿ ಐತಿ, ಮ್ಯಾಲಿಂದ ಕೆಳಗಿನತನಕ ಬರೇ ಮಲ್ಲಿಗಿ ಹಾಕ್ಕೊಳ್ಳಾಕಿ ನಾ" ಎಂದು ಕಣ್ಣರಳಿಸಿ ಹೇಳಿದ್ದಳು. ಲಗ್ನದ ಹಿಂದಿನ ಸಂಜೆ ಹೂವಿನವನು ಬಂದ. ಗುಲಾಬಿ ತಂದಿದ್ದ, ಸುಗಂಧರಾಜ ತಂದಿದ್ದ. ಮಲ್ಲಿಗೆ ಎಲ್ಲಿಯೂ ಇಲ್ಲ, ಇನ್ನೂ ಹಂಗಾಮೇ ಶುರುವಾಗಿಲ್ಲ ಎಂದು ಕೈಯಾಡಿಸಿಬಿಟ್ಟ.

ನಾನು ಕೊನೆಯ ಗುಂಡಿ ಹಚ್ಚುತ್ತ ಕಿಟಕಿಯಲ್ಲಿದ್ದೆ. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಗೋಡೆಯ ಆಚೆಯಿಂದ ಹುಡುಗಿಯ ಅಳು ಕೇಳಿತು. "ಅಕ್ಕಾರ ಗಿಡದಾಗ ಇಷ್ಟಕೊಂದ ಮೊಗ್ಗಿ ಅದಾವಲ್ಲ ಅಮ್ಮಾ. ಕೇಳಿದ್ರ ಇಲ್ಲ ಅಂತಾರೇನ?"

ಚಾಚಿಯ ದನಿ ತಗ್ಗಿತು. ಆದರೂ ಕೇಳಿತು. "ಬಾಯಿ ಮುಚ್ಚು. ಆ ಗಿಡದ ಕಡೆ ಹೊಳ್ಳಿ ನೋಡಬ್ಯಾಡ. ಅವು ಅಕ್ಕಾರ ಊಟ."

ನನ್ನ ಸೂಜಿ ನಿಂತಿತು. ಅತ್ತೆಯ ಕಡೆ ನೋಡಿದೆ. ಅವರು ಗೋಡೆಯನ್ನೇ ನೋಡುತ್ತಿದ್ದರು. ಆಮೇಲೆ ಮೊಣಕಾಲು ಹಿಡಿದು ಎದ್ದು, ಒಳಗೆ ಹೋಗಿ ಬುಟ್ಟಿ ತಂದು, ಮಲ್ಲಿಗೆಯ ಮುಂದೆ ನಿಂತರು. ಮುಡಿಯುವ ಮಲ್ಲಿಗೆಯನ್ನು ಸಂಜೆ ಮೊಗ್ಗಿದ್ದಾಗಲೇ ಬಿಡಿಸಬೇಕು. ಬಿಡಿಸಿದರೆ ಮುಂಜಾನೆ ಗಿಡದಲ್ಲಿ ಅರಳುವುದು ಏನೂ ಉಳಿಯುವುದಿಲ್ಲ. ಅದರ ಹಿಂದೆ ಬರುವ ಸಣ್ಣ ಮೊಗ್ಗು ಬಲಿಯಲು ಇನ್ನೂ ಎರಡು ಮೂರು ದಿನ ಬೇಕು. ಅದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ನಾನು ಹೊರಗೆ ಓಡಿದೆ. "ಅತ್ತಿ, ನಾಳಿಗೆ ಎರಡರ ಬಿಡ್ರಿ."

"ಸಾಲಂಗಿಲ್ಲ. ಆ ಹುಡುಗಿ ಜಡಿ ಎಷ್ಟ ಉದ್ದ ಐತಿ ನೋಡೀಯಿಲ್ಲ?"

"ಒಂದರ ಬಿಡ್ರಿ."

"ಬುಟ್ಟಿ ಹಿಡಿ. ಕೈ ಸೋಲಾಕತ್ತಾವ ನನ್ನೂ."

ಹಿಡಿದೆ. ಬೆಳ್ಳಗಾದ ಒಂದು ಮೊಗ್ಗನ್ನೂ ಅವರು ಗಿಡದಲ್ಲಿ ಬಿಡಲಿಲ್ಲ. ಬುಟ್ಟಿಯನ್ನು ನನ್ನ ಕೈಯಲ್ಲೇ ಕೊಟ್ಟು ಕಳಿಸಿದರು. ಚಾಚಿ ಬುಟ್ಟಿ ನೋಡಿದರು, ನನ್ನನ್ನು ನೋಡಿದರು. "ಏನ್ ಮಾಡಿದ್ರಿ ಇದು? ನಾಳಿಗೆ ಅಕ್ಕಾರು?" ಎಂದು ಕೇಳಿದರು. ಹುಡುಗಿಯ ಗೆಳತಿಯರು ಆಗಲೇ ಬುಟ್ಟಿ ಕಸಿದುಕೊಂಡು ಸೂಜಿ ದಾರ ಹಿಡಿದು ಕೂತಿದ್ದರು. ಮನೆಯ ತುಂಬ ವಾಸನೆ ಹರಡಿತು.

ಮುಂಜಾನೆ ಅತ್ತೆ ಏಳುವ ಮೊದಲೇ ನಾನು ಬ್ಯಾಟರಿ ಹಿಡಿದು ಅಂಗಳದ ಗಿಡಗಿಡ ತಡಕಾಡಿದೆ. ಕಾಕಡಾದ ಒಣಗಿದ ತೊಟ್ಟುಗಳೊಳಗೂ ನೋಡಿದೆ. ಸೇವಂತಿಗೆಯ ಮಡಿಯಲ್ಲೂ ನೋಡಿದೆ. ಒಂದು ಎಸಳು ಬಿಳುಪು ಕಾಣಲಿಲ್ಲ. ಅತ್ತೆ ಸ್ನಾನ ಮುಗಿಸಿ ಬಂದರು. ಹೂವಿಗೆಂದು ಅಂಗಳಕ್ಕೆ ಹೋಗಲೇ ಇಲ್ಲ. ನೇರ ಪೂಜೆಗೆ ಕೂತರು. ಕರಡಿಗೆ ತೆರೆದರು, ನೀರೆರೆದರು, ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ನಾನು ಗುಳಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸಕ್ಕರೆ ಡಬ್ಬಿಯನ್ನೂ ಕೈಗೆ ಸಿಗುವಂತೆ ಇಟ್ಟುಕೊಂಡಿದ್ದೆ. ಅವರು ಕಣ್ಣು ತೆರೆದು, ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕರಡಿಗೆ ಮುಚ್ಚಿದರು.

"ರೊಟ್ಟಿ ಹಾಕವಾ."

ನನಗೆ ಕೇಳಿದ್ದು ಖರೆಯೋ ಸುಳ್ಳೋ ತಿಳಿಯಲಿಲ್ಲ. "ಹೂ ಏರಿಸಲಿಲ್ಲಲ್ರಿ ಅತ್ತಿ?"

"ನಿನ್ನಿ ಸಂಜೀಕನ ಏರಿಸೀನಲ್ಲ. ಬುಟ್ಟಿ ಹಿಡದಾಕಿ ನೀನ ಇದ್ದಿ."

ನಾನು ತಟ್ಟೆಯಿಟ್ಟು, ಗುಳಿಗೆ ಕೊಟ್ಟು, ನೀರು ಕೊಟ್ಟೆ. ಅವರು ಮೊದಲ ತುತ್ತು ಮುರಿಯುವಾಗ ಹಿತ್ತಲ ಬಾಗಿಲು ದಡಾರನೆ ತೆರೆಯಿತು. ಚಾಚಿ. ಮಗಳ ಲಗ್ನದ ಮನೆಯ ಹೊಸ ಸೀರೆಯಲ್ಲಿ, ಏದುಸಿರು ಬಿಡುತ್ತ, ಕೈಯಲ್ಲಿ ಖಾಲಿ ಕೊಡ. ಮುಂಜಾನೆಯಿಂದ ಓಣಿಯ ಮನೆಮನೆಯ ಬಾಗಿಲು ಬಡಿದು, ಬಿಳಿ ಹೂವಿರುವ ಗಿಡ ಯಾರ ಅಂಗಳದಲ್ಲಿದೆ ಎಂದು ಹುಡುಕಿ ಬಂದಿದ್ದರು. "ಮ್ಯಾಲಿನ ಓಣ್ಯಾಗ ಒಂದ ಐತ್ರಿ ಅಕ್ಕಾ. ಅವರನ್ನ ಕೇಳೀನಿ, ಹೂಂ ಅಂದಾರ. ನಡೀರಿ, ಕೊಡಾ ನಾ ಹೊತಗೊಂಡ ಬರ್ತೀನಿ, ನೀರ ನೀವ ಹಾಕ್ರಿ" ಅಂದವರು ಅತ್ತೆಯ ಕೈಯಲ್ಲಿನ ರೊಟ್ಟಿ ಕಂಡು ಅಲ್ಲೇ ನಿಂತುಬಿಟ್ಟರು.

"ಉಣ್ಣಾಕತ್ತೀರಿ ಅಕ್ಕಾ?"

"ಹೂಂ. ನಿನ್ನ ಮಗಳ ಲಗ್ನದ ದಿನಾ ನಾ ಉಪಾಸ ಇರಲೇನ?"

ಚಾಚಿ ಕೊಡವನ್ನು ಕೆಳಗಿಟ್ಟು ಗೋಡೆಗೆ ಒರಗಿ ಕೂತರು. ಅಳುತ್ತಿದ್ದರೋ ನಗುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಮುಖ ಬಾಡಿತ್ತು, ತುಟಿ ಒಣಗಿತ್ತು. ಅತ್ತೆ ಅವರನ್ನೇ ನೋಡುತ್ತ, "ನೀ ಏನ ತಿಂದೀ?" ಎಂದು ಕೇಳಿದರು. ಚಾಚಿ ತಲೆ ತಗ್ಗಿಸಿಕೊಂಡೇ ಹೇಳಿದರು. "ನಿನ್ನಿ ಬುಟ್ಟಿ ಬಂದಾಗಿಂದ ಒಂದ ಹನಿ ನೀರೂ ಮುಟ್ಟಿಲ್ರಿ. ನೀವ ಉಣ್ಣೂತನಕ ನಾ ಹೆಂಗ ಉಣ್ಣಲ್ರಿ?"

ಅತ್ತೆ ಕೈಯಲ್ಲಿದ್ದ ತುತ್ತನ್ನು ತಮ್ಮ ಬಾಯಿಗೆ ಹಾಕಿಕೊಳ್ಳಲಿಲ್ಲ. ಚಾಚಿಯ ಬಾಯಿಗೆ ಹಿಡಿದರು.